ಪರಲೋಕದ ಮೇಲೆ ಪಣ: ಯಾವ ಕುದುರೆಗೆ ಕಟ್ಟುವುದು?

ಬೆಂಗಳೂರಿನವರು ಹೋಲಿಸಿ ನೋಡದೆ ಏನನ್ನೂ ಕೊಳ್ಳುವವರಲ್ಲ. ಒಂದು ಕುಕ್ಕರ್ ಕೊಳ್ಳಬೇಕಾದರೆ ಚಿಕ್ಕಪೇಟೆಯ ನಾಲ್ಕು ಅಂಗಡಿಗಳನ್ನು ಹತ್ತಿಳಿಯುತ್ತಾರೆ. ಸೈಟಿಗೆ ಮುಂಗಡ ಕೊಡುವ ಮೊದಲು ಅದರದು ‘ಎ’ ಖಾತೆಯೋ ‘ಬಿ’ ಖಾತೆಯೋ ಎಂದು ವಕೀಲರಿಗೆ ತೋರಿಸಿ, ಋಣಭಾರ ಪತ್ರ ತೆಗೆಸಿ, ಆಮೇಲೂ ಒಂದು ರಾತ್ರಿ ನಿದ್ದೆಗೆಡುತ್ತಾರೆ. ಆದರೆ ಸತ್ತ ಮೇಲಿನ ವಾಸದ ಮಾತು ಬಂದಾಗ ಮಾತ್ರ, ಅಜ್ಜ ಯಾವ ಕುದುರೆಗೆ ಹಣ ಕಟ್ಟಿದ್ದನೋ ಅದಕ್ಕೇ ತಾವೂ ಕಟ್ಟಿ, ಚೀಟಿಯನ್ನು ಒಮ್ಮೆಯೂ ತಿರುವಿ ನೋಡದೆ ಜೇಬಿಗಿಟ್ಟುಕೊಂಡು ಓಡಾಡುತ್ತಾರೆ. ಊರು ಹೋಗೆನ್ನುವ, ಕಾಡು ಬಾ ಎನ್ನುವ ವಯಸ್ಸಿಗೆ ಬಂದಿರುವ ನಾನು, ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ತಿರುವಿಹಾಕುತ್ತಲೇ ನಿವೃತ್ತನಾದವನಾದ್ದರಿಂದ, ಈ ಚೀಟಿಗಳನ್ನೂ ಒಮ್ಮೆ ಮೇಜಿನ ಮೇಲೆ ಹರಡಿ ನೋಡುವ ಧೈರ್ಯ ಮಾಡಿದ್ದೇನೆ.

ಮೊದಲಿಗೆ ಕಾನೂನಿನ ಒಂದು ಎಚ್ಚರಿಕೆ. 1872ರ ಭಾರತೀಯ ಕರಾರು ಅಧಿನಿಯಮದ 30ನೆಯ ಪ್ರಕರಣದ ಪ್ರಕಾರ ಬಾಜಿಯ ಕರಾರುಗಳೆಲ್ಲವೂ ಶೂನ್ಯ. ಗೆದ್ದವನು ಹಣ ಕೊಡಿಸಿರೆಂದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಅದೇ ಪ್ರಕರಣದಲ್ಲಿ ಕುದುರೆ ಪಂದ್ಯದ ಐನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬಹುಮಾನಕ್ಕೆ ಸಲ್ಲಿಸುವ ವಂತಿಗೆಗೆ ವಿನಾಯಿತಿ ಉಂಟು, ಆದರೆ ಮೋಕ್ಷಕ್ಕೆ ಅಂಥ ವಿನಾಯಿತಿಯನ್ನು ಬ್ರಿಟಿಷರು ಬರೆದಿಡಲಿಲ್ಲ. ಆದುದರಿಂದ ಮುಂದೆ ವಿವರಿಸುವ ಯಾವ ಪಣದಲ್ಲಿಯೂ, ಚಿತ್ರಗುಪ್ತನ ಲೆಕ್ಕದಲ್ಲಿ ತಪ್ಪಾಗಿದೆ ಎನಿಸಿದರೆ, ಮೇಲ್ಮನವಿಗೆ ಅವಕಾಶವಿರುವುದಿಲ್ಲ.

ಅಳೆಯುವುದು ಹೇಗೆ

ಬಹುಮಾನದ ಗಾತ್ರವೊಂದನ್ನೇ ನೋಡಿ ಪಣ ಕಟ್ಟುವುದು ರೇಸ್‌ಕೋರ್ಸಿಗೆ ಮೊದಲ ಸಲ ಹೋದವರ ಲಕ್ಷಣ. ಹಳೆಯ ಕೈಗಳು ಮೊದಲು ಕೇಳುವುದು, ಈ ಚೀಟಿಗೆ ದಿನಕ್ಕೆಷ್ಟು ಖರ್ಚು, ಸೋತರೆ ಕೈಯಲ್ಲಿ ಏನು ಉಳಿಯುತ್ತದೆ, ಗೆದ್ದರೆ ಹಣ ಎಂದು ಬರುತ್ತದೆ, ಮತ್ತು ಕೊಡುವವನು ಯಾರು ಎಂಬುದನ್ನು. ಇದರೊಂದಿಗೆ ಇನ್ನೊಂದು ಪ್ರಶ್ನೆಯನ್ನು ನಾನು ಸೇರಿಸುತ್ತೇನೆ. ಕುದುರೆ ಪಂದ್ಯವು ಬರಿಯ ಅದೃಷ್ಟದ ಆಟವಲ್ಲ, ಅದರಲ್ಲಿ ಕೌಶಲವೇ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪು ನೀಡಿತು. ಪರಲೋಕವನ್ನು ಕುರಿತು ಅಂಥ ತೀರ್ಪು ಎಲ್ಲಿಯೂ ಬಂದಿಲ್ಲ. ಕರ್ಮವನ್ನು ನಂಬುವವರು ಅದನ್ನು ಕೌಶಲದ ಆಟವೆನ್ನುತ್ತಾರೆ, ಕೃಪೆಯನ್ನು ನಂಬುವವರು ಹಾಗೆನ್ನುವುದಿಲ್ಲ. ಇದಲ್ಲದೆ ಒಂದು ತಾಂತ್ರಿಕ ತೊಡಕೂ ಇದೆ. ಪಂದ್ಯದ ನಿಯಮದಂತೆ ಜಾಕಿಯಾದವನು ಪಣ ಕಟ್ಟುವಂತಿಲ್ಲ. ಇಲ್ಲಿ ಕಟ್ಟುವವನೂ, ಸವಾರನೂ, ಕೊನೆಗೆ ಬಾಯಲ್ಲಿ ನೊರೆ ಬರುವಂತೆ ಓಡುವ ಕುದುರೆಯೂ ಒಬ್ಬನೇ.

ಊರಿನಷ್ಟೇ ಹಳೆಯ ಚೀಟಿ

ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವುದೇ ಒಬ್ಬನ ಸಾವಿನ ಸುದ್ದಿಯಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು 890ರ ಕಾಲದ ಶಾಸನವು ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮಗ ಮಡಿದನೆಂದು ತಿಳಿಸುತ್ತದೆ. ಟೆಕ್ ಪಾರ್ಕು, ಮೇಲ್ಸೇತುವೆ, ಮೆಟ್ರೋಗಳೆಲ್ಲ ಬರುವುದಕ್ಕೆ ಸಾವಿರದ ನೂರು ವರ್ಷ ಮೊದಲೇ ಈ ನೆಲದಲ್ಲಿ ಜನ ಪ್ರಾಣವನ್ನೇ ಪಣವಾಗಿಟ್ಟಿದ್ದರು. ಆ ಪಣದ ಷರತ್ತುಗಳನ್ನು ತಿಳಿಯಬೇಕಾದರೆ ಕರ್ನಾಟಕದ ಅನೇಕ ವೀರಗಲ್ಲುಗಳ ಮೇಲೆ ಕೆತ್ತಿರುವ ಶ್ಲೋಕವನ್ನು ಓದಬೇಕು: ‘ಜಿತೇನ ಲಭ್ಯತೇ ಲಕ್ಷ್ಮೀರ್ಮೃತೇನಾಪಿ ಸುರಾಂಗನಾ’. ಗೆದ್ದರೆ ಸಂಪತ್ತು, ಸತ್ತರೆ ಅಪ್ಸರೆ. ವೀರಗಲ್ಲುಗಳ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲ್ಗಡೆ ಶಿವಸನ್ನಿಧಿ ಇರುವುದನ್ನು ನೋಡಿದರೆ, ಬಹುಮಾನ ವಿತರಣೆಯ ಚಿತ್ರಸಹಿತ ಜಾಹೀರಾತನ್ನು ನಮ್ಮವರು ಆಗಲೇ ಕಲ್ಲಿನಲ್ಲಿ ಹಾಕಿಸಿದ್ದರು ಎನಿಸುತ್ತದೆ.

ಎರಡೂ ಕಡೆ ಲಾಭವೇ ಬರುವ ಪಣವನ್ನು ಕಂಡಾಗ ಬ್ಯಾಂಕಿನವನಿಗೆ ಮೊದಲು ಬರುವುದು ಸಂಶಯ. ಇಲ್ಲಿ ಸೋತು ಬದುಕುಳಿದವನ ಗತಿಯೇನು ಎಂಬುದನ್ನು ಶ್ಲೋಕವು ಹೇಳುವುದೇ ಇಲ್ಲ. ಗೆಲ್ಲದೆ, ಸಾಯದೆ, ಒಂದು ಕಾಲು ಮುರಿದುಕೊಂಡು ಮನೆಗೆ ಮರಳಿದವನಿಗೆ ಲಕ್ಷ್ಮಿಯೂ ಇಲ್ಲ, ಸುರಾಂಗನೆಯೂ ಇಲ್ಲ, ಕಲ್ಲಂತೂ ಇಲ್ಲವೇ ಇಲ್ಲ. ಸಣ್ಣ ಅಕ್ಷರದ ಷರತ್ತು ಎಂದು ಇಂದು ಕರೆಯುವುದು ಇದನ್ನೇ. ಸದ್ಯದ ಬೆಂಗಳೂರಿನಲ್ಲಿ ಈ ಚೀಟಿಯ ಮಾರಾಟ ನಿಂತಿದೆ. ಹೊರವರ್ತುಲ ರಸ್ತೆಯಲ್ಲಿ ದಿನವೂ ಸ್ಕೂಟರ್ ಓಡಿಸುವವರಿಗೆ ಅದು ಅನ್ವಯಿಸುತ್ತದೆಯೆಂಬ ವಾದವನ್ನು ನಾನು ಒಪ್ಪುವುದಿಲ್ಲ.

ಪ್ಯಾರಿಸಿನ ಗಣಿತಜ್ಞನ ಲೆಕ್ಕ

ಪರಲೋಕದ ಪಣವೆಂದೊಡನೆ ವಿದ್ಯಾವಂತರು ಹೆಸರಿಸುವುದು ಬ್ಲೇಸ್ ಪಾಸ್ಕಲ್‌ನನ್ನು. 1654ರಲ್ಲಿ ಫರ್ಮಾ ಎಂಬ ಇನ್ನೊಬ್ಬ ಗಣಿತಜ್ಞನೊಡನೆ ಪತ್ರ ಬರೆದುಕೊಳ್ಳುತ್ತಾ, ಅರ್ಧಕ್ಕೆ ನಿಂತ ಜೂಜಿನ ಹಣವನ್ನು ಹಂಚುವ ಬಗೆಯಿಂದ ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದವನು ಅವನೇ. ಅವನು 1662ರಲ್ಲಿ ತೀರಿಕೊಂಡ ಬಳಿಕ, 1670ರಲ್ಲಿ ಪ್ರಕಟವಾದ ಅವನ ಟಿಪ್ಪಣಿಗಳಲ್ಲಿ ಈ ತರ್ಕವಿದೆ. ದೇವರಿದ್ದು ನೀನು ನಂಬಿದ್ದರೆ ಅನಂತ ಸುಖ. ದೇವರಿಲ್ಲದಿದ್ದರೆ ನಿನಗಾಗುವ ನಷ್ಟ ಅತ್ಯಲ್ಪ. ಅನಂತವನ್ನು ಎಷ್ಟೇ ಸಣ್ಣ ಸಂಭವನೀಯತೆಯಿಂದ ಗುಣಿಸಿದರೂ ಅನಂತವೇ ಬರುವುದರಿಂದ ಕಣ್ಣು ಮುಚ್ಚಿ ನಂಬಿಕೆಗೇ ಕಟ್ಟು. (ಪ್ರಾಸಂಗಿಕವಾಗಿ ಹೇಳುವುದಾದರೆ, ಸಾಯುವ ವರ್ಷವೇ ಪಾಸ್ಕಲ್ ಪ್ಯಾರಿಸಿನಲ್ಲಿ ನಿಗದಿತ ಮಾರ್ಗದಲ್ಲಿ ನಿಗದಿತ ದರಕ್ಕೆ ಓಡುವ ಸಾರ್ವಜನಿಕ ಗಾಡಿಗಳನ್ನೂ ಆರಂಭಿಸಿದ್ದನು. ಬಸ್ ನಿಲ್ದಾಣದಲ್ಲಿ ನಿಂತು ಬರಲಿರುವುದನ್ನು ನಂಬಿ ಕಾಯುವುದರಲ್ಲಿ ಅವನಿಗೆ ಸ್ವಾನುಭವವಿತ್ತು.)

ಲೆಕ್ಕ ಸೊಗಸಾಗಿದೆ, ಆದರೆ ಅತಿಯಾಗಿ ಕೆಲಸ ಮಾಡುತ್ತದೆ. ಅನಂತದ ಅರ್ಧವೂ ಅನಂತ, ಸಾವಿರದಲ್ಲೊಂದು ಭಾಗವೂ ಅನಂತ. ಹಾಗಾದರೆ ದಿನವೂ ಮೂರು ಹೊತ್ತು ಪೂಜೆ ಮಾಡುವವನಿಗೂ, ದೇವಸ್ಥಾನಕ್ಕೆಂದು ಹೊರಟು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡು ಹಿಂತಿರುಗಿ ಬಂದವನಿಗೂ ಲೆಕ್ಕದ ಪ್ರಕಾರ ದೊರೆಯಬೇಕಾದ ಲಾಭದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಇನ್ನೊಂದು ಆಕ್ಷೇಪಣೆ ಬೆಂಗಳೂರಿನವರಿಗೆ ಬೇಗ ಹೊಳೆಯುತ್ತದೆ. ಪಾಸ್ಕಲ್‌ನ ಪಂದ್ಯದಲ್ಲಿ ಓಡುವುದು ಒಂದೇ ಕುದುರೆ. ಅದಕ್ಕೆ ಕಟ್ಟುವುದೋ ಬಿಡುವುದೋ ಎಂಬುದಷ್ಟೇ ಅವನ ಪ್ರಶ್ನೆ. ಇಮಾಮರೊಬ್ಬರು ಇದೇ ತರ್ಕವನ್ನು ಅಷ್ಟೇ ಚೆನ್ನಾಗಿ ಮಂಡಿಸಬಲ್ಲರೆಂದು ಫ್ರಾನ್ಸಿನ ದಿದರೋ ಮುಂದಿನ ಶತಮಾನದಲ್ಲಿ ಚುಚ್ಚಿದನು. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಇಳಿದು ಕಾಲು ಗಂಟೆ ನಡೆದಾಡಿದವರಿಗೆ ಈ ಮಾತನ್ನು ಹೇಳಲು ತತ್ತ್ವಜ್ಞಾನಿಯೇ ಬರಬೇಕಾಗಿಲ್ಲ.

ಭೋಗ್ಯದ ಮನೆ, ಸ್ವಂತದ ಮನೆ

ನಮ್ಮಲ್ಲಿ ಅತಿ ಹೆಚ್ಚು ಖರ್ಚಾಗುವ ಚೀಟಿ ಸ್ವರ್ಗದ್ದು. ಕೊಳ್ಳುವವರಲ್ಲಿ ಬಹುಪಾಲು ಜನ ಅದನ್ನು ಸ್ವಂತದ ಮನೆಯೆಂದೇ ಭಾವಿಸಿರುತ್ತಾರೆ. ಕಾಗದಪತ್ರ ಓದಿದರೆ ಅದು ಭೋಗ್ಯದ ಮನೆ. ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದ 21ನೆಯ ಶ್ಲೋಕವು ಇದನ್ನು ಸ್ಪಷ್ಟವಾಗಿಯೇ ಹೇಳಿದೆ: ಪುಣ್ಯ ಕ್ಷೀಣಿಸಿದೊಡನೆ ಮರ್ತ್ಯಲೋಕಕ್ಕೆ ಮರಳಬೇಕು. ಬೆಂಗಳೂರಿನ ಭೋಗ್ಯದ ಮನೆಗಿಂತಲೂ ಇದರ ಷರತ್ತು ಕಠಿಣವೆಂದು ನನಗೆ ತೋರುತ್ತದೆ. ಏಕೆಂದರೆ ಇಲ್ಲಿ ಅವಧಿ ಮುಗಿದಾಗ ಇಟ್ಟ ಹಣವನ್ನಾದರೂ, ಸುಣ್ಣಬಣ್ಣದ ಖರ್ಚು ಮುರಿದುಕೊಂಡು, ಮನೆಯೊಡೆಯರು ಹಿಂದಿರುಗಿಸುತ್ತಾರೆ, ಅಲ್ಲಿ ಠೇವಣಿಯೇ ಕರಗಿ ಬಾಡಿಗೆಯಾಗುತ್ತದೆ. ಇದರ ಮರುಶ್ಲೋಕವಾದ 22ನೆಯದರಲ್ಲಿ ಬರುವ ‘ಯೋಗಕ್ಷೇಮಂ ವಹಾಮ್ಯಹಮ್’ ಎಂಬ ಭಾಗವನ್ನೇ ಭಾರತೀಯ ಜೀವ ವಿಮಾ ನಿಗಮವು ತನ್ನ ಧ್ಯೇಯವಾಕ್ಯವಾಗಿ ಆರಿಸಿಕೊಂಡಿದೆ. ಭೋಗ್ಯ ತೀರುವ ಶ್ಲೋಕವನ್ನು ಬಿಟ್ಟು ಅದರ ಮುಂದಿನದನ್ನು ಹಿಡಿದವರಿಗೆ ವ್ಯಾಪಾರದ ಸೂಕ್ಷ್ಮ ಗೊತ್ತಿತ್ತು.

ಸ್ವಂತದ ಮನೆಯೆಂದರೆ ಮೋಕ್ಷ. ರೇಸಿನ ಭಾಷೆಯಲ್ಲಿ ಸ್ವರ್ಗವು ‘ಪ್ಲೇಸ್’, ಮೋಕ್ಷವು ‘ವಿನ್’. ಮೊದಲ ಮೂರರೊಳಗೆ ಬಂದರೆ ಸಾಕೆನ್ನುವವರಿಗೆ ಒಂದು, ಮೊದಲನೆಯದೇ ಆಗಬೇಕೆನ್ನುವವರಿಗೆ ಇನ್ನೊಂದು. ತೊಂದರೆಯಿರುವುದು ಇಡುವ ಪಣದಲ್ಲಿ. ಕಾಶಿಗೆ ಹೋದವರು ತಮಗೆ ಅತ್ಯಂತ ಪ್ರಿಯವಾದ ತರಕಾರಿಯನ್ನೋ ಹಣ್ಣನ್ನೋ ಬಿಟ್ಟು ಬರಬೇಕೆಂಬುದು ಪದ್ಧತಿ. ನನ್ನ ಸೋದರಮಾವ ಹಾಗಲಕಾಯಿ ಬಿಟ್ಟು ಬಂದರು. ಅತ್ತೆ ಅವರಿಗೆ ಮೊದಲೇ ಎಚ್ಚರಿಕೆ ಕೊಟ್ಟು, ‘ಬದನೆಕಾಯಿ ಬಿಟ್ಟೀರಿ ಜೋಕೆ, ವಾಂಗೀಬಾತ್ ಇಲ್ಲದೆ ನಿಮಗೆ ಭಾನುವಾರ ಕಳೆಯುವುದಿಲ್ಲ’ ಎಂದಿದ್ದರಂತೆ. ಮಧುಮೇಹಕ್ಕೆ ಹಾಗಲಕಾಯಿಯ ರಸ ಕುಡಿಯಿರೆಂದು ಮುಂದೆ ಯಾರೋ ಹೇಳಿದಾಗ, ಕಾಶಿಯಲ್ಲಿ ಕೊಟ್ಟ ಮಾತನ್ನು ಮುರಿಯುವಂತಿಲ್ಲವೆಂದು ಮಾವ ಬಹಳ ಸಮಾಧಾನದಿಂದ ನಿರಾಕರಿಸಿದರು. ಐದು ಪೈಸೆ ಕಟ್ಟಿ ಜಾಕ್‌ಪಾಟ್ ಬಯಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವೈತರಣಿಯದೂ ಇದೇ ಕಥೆ. ಗರುಡಪುರಾಣದ ಆ ನದಿಯನ್ನು ದಾಟಿಸಲು ದಾನ ಕೊಟ್ಟ ಹಸು ಬರುತ್ತದೆಯೆಂಬುದು ನಂಬಿಕೆ. ಆದರೆ ಎರಡು ಮಲಗುವ ಕೋಣೆಗಳ ಅಪಾರ್ಟ್‌ಮೆಂಟಿನಲ್ಲಿ ಹಸುವನ್ನು ಲಿಫ್ಟಿನಲ್ಲಿ ತರಲಾಗದೆ, ಪುರೋಹಿತರು ಪ್ರತ್ಯಾಮ್ನಾಯವೆಂದು ತೆಂಗಿನಕಾಯಿಯ ಮೇಲೆ ದಕ್ಷಿಣೆಯಿಟ್ಟು ಮುಗಿಸುತ್ತಾರೆ. ತೆಂಗಿನಕಾಯಿ ತೇಲುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಅದರ ಬಾಲವನ್ನು ಹಿಡಿಯುವುದು ಹೇಗೆಂಬುದನ್ನು ಮಾತ್ರ ಯಾರೂ ವಿವರಿಸಿಲ್ಲ.

ಅಜಾಮಿಳನ ಪ್ರಸಂಗವನ್ನು ನೆಚ್ಚಿಕೊಂಡವರಿಗೂ ಒಂದು ಮಾತು. ಬದುಕಿಡೀ ದಾರಿ ತಪ್ಪಿ ನಡೆದ ಅವನು ಸಾಯುವ ಗಳಿಗೆಯಲ್ಲಿ ನಾರಾಯಣನೆಂಬ ಹೆಸರಿನ ಮಗನನ್ನು ಕೂಗಿ, ಆ ಕೂಗಿನಿಂದಲೇ ಪಾರಾದನೆಂದು ಭಾಗವತ ಹೇಳುತ್ತದೆ. ಕುದುರೆ ಗೆರೆ ಮುಟ್ಟುವ ಕ್ಷಣದಲ್ಲಿ ಕಟ್ಟಿ ಗೆದ್ದ ಪಣವಿದು. ಈಗ ಮಕ್ಕಳಿಗೆ ಇಡುತ್ತಿರುವ ಹೆಸರುಗಳನ್ನು ಗಮನಿಸಿದರೆ ಈ ದಾರಿ ಮುಚ್ಚಿದಂತೆಯೇ. ಮಗನನ್ನು ‘ಚಿಂಟೂ’ ಎಂದು ಕೂಗಿದರೆ ಯಾವ ಲೋಕದ ದೂತರೂ ಓಡಿಬರುವುದಿಲ್ಲ.

ಗಳಿಗೆಯನ್ನೇ ನಂಬಿದವರಿಗೆ

ಕೊನೆಗಳಿಗೆಯವರೆಗೆ ಕಾಯೋಣ ಎನ್ನುವವರು ಜೈನರ ಕರ್ಮಸಿದ್ಧಾಂತವನ್ನು ಓದಿದರೆ ಬೆವರುತ್ತಾರೆ. ಮುಂದಿನ ಜನ್ಮವನ್ನು ನಿರ್ಧರಿಸುವ ಆಯುಷ್ಯಕರ್ಮವು ಬದುಕಿನುದ್ದಕ್ಕೂ ಕಟ್ಟುತ್ತಾ ಹೋಗುವುದಿಲ್ಲ. ಆಯುಸ್ಸಿನ ಮೂರರಲ್ಲಿ ಎರಡು ಭಾಗ ಕಳೆದಾಗ ಅದಕ್ಕೊಂದು ಸಂದರ್ಭ ಒದಗುತ್ತದೆ, ಆಗ ಆಗದಿದ್ದರೆ ಉಳಿದುದರ ಮೂರರಲ್ಲಿ ಎರಡು ಭಾಗ ಕಳೆದಾಗ ಮತ್ತೊಂದು. ಎಂಬತ್ತೊಂದು ವರ್ಷ ಬದುಕುವವನಿಗೆ ಐವತ್ತನಾಲ್ಕರಲ್ಲಿ, ಎಪ್ಪತ್ತೆರಡರಲ್ಲಿ, ಎಪ್ಪತ್ತೆಂಟರಲ್ಲಿ, ಎಂಬತ್ತರಲ್ಲಿ ಕೌಂಟರು ತೆರೆಯುತ್ತದೆ. ಆ ಹೊತ್ತಿನಲ್ಲಿ ಮನಸ್ಸು ಎಲ್ಲಿತ್ತೋ ಅದರಂತೆ ಚೀಟಿ. ತಾನು ಎಷ್ಟು ವರ್ಷ ಬದುಕುವೆನೆಂಬುದು ಗೊತ್ತಿಲ್ಲದವನಿಗೆ ಕೌಂಟರು ತೆರೆಯುವ ದಿನವೂ ಗೊತ್ತಿರುವುದಿಲ್ಲವಾದ್ದರಿಂದ, ಎಲ್ಲ ದಿನಗಳಲ್ಲಿಯೂ ನೆಟ್ಟಗಿರುವುದೊಂದೇ ಉಪಾಯ. ಐವತ್ತನಾಲ್ಕು ತುಂಬಿದ ವರ್ಷ ನಾನು ಕಾವೇರಿ ನೀರಿನ ಸಂಪರ್ಕಕ್ಕಾಗಿ ಒಂದು ಕಚೇರಿಗೆ ಅಲೆಯುತ್ತಿದ್ದೆ. ಆಗಿನ ಮನಸ್ಸಿನ ಸ್ಥಿತಿಯನ್ನು ನೆನೆದರೆ ಎಪ್ಪತ್ತೆರಡರ ಮೇಲೆ ಭರವಸೆಯಿಡುವುದೇ ಕ್ಷೇಮ.

ಹದಿಮೂರನೆಯ ಶತಮಾನದ ಮಧ್ವಾಚಾರ್ಯರ ಮತದಲ್ಲಿ ಜೀವರೇ ಮೂರು ಬಗೆ: ಮುಕ್ತಿಗೆ ಯೋಗ್ಯರು, ಎಂದೆಂದೂ ಸಂಸಾರದಲ್ಲಿ ಸುತ್ತುವವರು, ಅಂಧತಮಸ್ಸಿಗೆ ಹೋಗುವವರು. ಈ ತಾರತಮ್ಯ ಸ್ವಭಾವಸಿದ್ಧ. ಪಂದ್ಯದ ಫಲಿತಾಂಶವು ಮೊದಲೇ ಬರೆದಿರುವಾಗ ಪಣಕ್ಕೆ ಎಡೆಯೆಲ್ಲಿ ಎಂದು ಕೇಳಬಹುದು. ತಾನು ಯಾವ ಬಗೆಯವನೆಂಬುದು ಓಡಿ ಮುಗಿಸುವವರೆಗೆ ಕುದುರೆಗೆ ತಿಳಿಯದಿರುವುದರಿಂದ ಓಟವಂತೂ ನಿಲ್ಲುವುದಿಲ್ಲ.

ಎಲ್ಲ ಕುದುರೆಗಳಿಗೂ ಕಟ್ಟುವವರು

ಯಾವುದು ಗೆಲ್ಲುವುದೋ ಗೊತ್ತಿಲ್ಲದಾಗ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಕಟ್ಟುವುದು ಬೆಂಗಳೂರಿನ ಹುಟ್ಟುಗುಣ. ಕೋಟೆ ವೆಂಕಟರಮಣ, ಸೇಂಟ್ ಮೇರಿ ಬೆಸಿಲಿಕಾ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾ ಮೂರಕ್ಕೂ ಹರಕೆ ಹೊತ್ತ ಮನೆಗಳನ್ನು ನಾನು ಬಲ್ಲೆ. ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗವೇ ಆ ದರ್ಗಾಕ್ಕೆ ಭೇಟಿ ಕೊಟ್ಟು ಮುಂದುವರಿಯುವಾಗ, ಭಕ್ತರನ್ನು ಏನೆನ್ನುವುದು? ರೇಸ್‌ಕೋರ್ಸಿನಲ್ಲಿ ಹೀಗೆ ಮಾಡಿದವನು ಖಚಿತವಾಗಿ ಸೋಲುತ್ತಾನೆ, ಏಕೆಂದರೆ ಪ್ರತಿ ಚೀಟಿಯಲ್ಲಿಯೂ ತೆರಿಗೆ ಮತ್ತು ಕಮಿಷನ್ ಕಡಿತವಾಗುತ್ತದೆ. ಕರಗದ ರಾತ್ರಿಯಲ್ಲಿ ಕಡಿತವಾಗುವುದು ನಿದ್ದೆಯೊಂದೇ.

ಕರಗ ಹೊರಡುವ ತಿಗಳರಪೇಟೆಯ ದೇವಾಲಯ ಯಾರದೆಂಬುದನ್ನು ಇಲ್ಲಿ ನೆನೆಯಲೇಬೇಕು. ಧರ್ಮರಾಯಸ್ವಾಮಿಯದು. ರಾಜ್ಯವನ್ನು, ತಮ್ಮಂದಿರನ್ನು, ತನ್ನನ್ನು, ಕೊನೆಗೆ ಹೆಂಡತಿಯನ್ನೂ ಪಣಕ್ಕಿಟ್ಟು ಸೋತವನಿಗೆ ಗುಡಿ ಕಟ್ಟಿದ ಊರು ನಮ್ಮದು. ಅವನೇ ಮುಂದೆ ನಾಯಿಯೊಡನೆ ಸಶರೀರವಾಗಿ ಸ್ವರ್ಗಕ್ಕೆ ಹೋದಾಗ, ಅಲ್ಲಿ ಮೊದಲು ಕಂಡದ್ದು ಸುಖಾಸನದಲ್ಲಿದ್ದ ದುರ್ಯೋಧನನನ್ನು. ದ್ರೋಣರಿಗೆ ಹೇಳಿದ ಅರ್ಧ ಸುಳ್ಳಿಗಾಗಿ ತಾನು ನರಕವನ್ನೂ ನೋಡಬೇಕಾಯಿತು. ಅಂದರೆ ಜೂಜಿನಲ್ಲಿ ಕಳೆದುದಕ್ಕೆ ದಂಡ ಬೀಳಲಿಲ್ಲ, ಒಂದು ವಾಕ್ಯಕ್ಕೆ ಬಿತ್ತು. ನಮ್ಮ ಕುಮಾರವ್ಯಾಸನು ಹತ್ತು ಪರ್ವಗಳಿಗೇ ನಿಲ್ಲಿಸಿ ಈ ಲೆಕ್ಕಾಚಾರದ ಗೋಜಿಗೆ ಹೋಗದಿದ್ದುದು ಜಾಣತನವೆಂದು ನನಗೆ ಅನಿಸಿದ್ದುಂಟು.

ಸೋತರೂ ಕೈಯಲ್ಲಿ ಉಳಿಯುವುದು

ನನ್ನ ಅಳತೆಗೋಲಿನಲ್ಲಿ ಮೇಲೆ ನಿಲ್ಲುವ ಎರಡು ಚೀಟಿಗಳಿಗೆ ಜಾಹೀರಾತು ಕಡಿಮೆ. ಕೇಸಪುತ್ತವೆಂಬ ಊರಿನ ಕಾಲಾಮರೆಂಬ ಜನರಿಗೆ ಬುದ್ಧ ಕೊಟ್ಟ ನಾಲ್ಕು ಭರವಸೆಗಳು ಮೊದಲನೆಯದು. ಪರಲೋಕವಿದ್ದರೆ ದ್ವೇಷವಿಲ್ಲದೆ ಬಾಳಿದವನಿಗೆ ಸದ್ಗತಿ. ಇಲ್ಲದಿದ್ದರೆ ಇಲ್ಲಿಯೇ ನೆಮ್ಮದಿ. ಕೆಟ್ಟದ್ದಕ್ಕೆ ಕೆಟ್ಟ ಫಲವಿದ್ದರೆ ಕೆಟ್ಟದ್ದು ಮಾಡದವನಿಗೆ ಭಯವಿಲ್ಲ. ಇಲ್ಲದಿದ್ದರೆ ಎರಡು ಬಗೆಯಲ್ಲಿಯೂ ಅವನು ಶುದ್ಧ. ಪಾಸ್ಕಲ್‌ಗೆ ಎರಡು ಸಾವಿರ ವರ್ಷಗಳ ಹಿಂದೆಯೇ ಬಂದ ಈ ಲೆಕ್ಕದಲ್ಲಿ ಅನಂತವೆಂಬ ಅಂಕಿಯೇ ಇಲ್ಲ, ಗುಣಾಕಾರವೂ ಇಲ್ಲ, ಸೋತ ಚೀಟಿಗೂ ಮುಖಬೆಲೆ ಉಳಿಯುತ್ತದೆ. ವೀರಗಲ್ಲಿನ ಚೀಟಿಯಲ್ಲಿ ಬಿಟ್ಟುಹೋಗಿದ್ದ ಕಾಲು ಮುರಿದವನ ಖಾನೆಯನ್ನು ಇಲ್ಲಿ ತುಂಬಿದ್ದಾರೆ.

ಎರಡನೆಯದು ಬಸವಣ್ಣನವರದು. ‘ಅಯ್ಯಾ ಎಂದರೆ ಸ್ವರ್ಗ, ಎಲವೋ ಎಂದರೆ ನರಕ’ ಎಂಬಲ್ಲಿ ಬಟವಾಡೆಯು ಮಾತು ಮುಗಿಯುವಷ್ಟರಲ್ಲಿಯೇ ಆಗಿಹೋಗುತ್ತದೆ. ಕಾಯಬೇಕಾದುದಿಲ್ಲ, ಸಾಯಬೇಕಾದುದೂ ಇಲ್ಲ. ಅನುಮಾನವಿದ್ದವರು ಮಳೆ ಹನಿಯುವ ಸಂಜೆ ಮೆಜೆಸ್ಟಿಕ್ಕಿನಲ್ಲಿ ಆಟೋದವರನ್ನು ‘ಅಣ್ಣಾ’ ಎಂದು ಒಮ್ಮೆ, ‘ಏಯ್’ ಎಂದು ಒಮ್ಮೆ ಕರೆದು ನೋಡಬಹುದು. ಮೊದಲನೆಯದರಲ್ಲಿ ಮೀಟರಿನ ಮೇಲೆ ಐವತ್ತು ರೂಪಾಯಿಗೆ ಸ್ವರ್ಗ ದೊರೆಯುವ ಸಾಧ್ಯತೆಯಾದರೂ ಇದೆ.

ಏನೂ ಇಲ್ಲವೆಂದು ಪಣ ಕಟ್ಟುವ ಚಾರ್ವಾಕರ ಚೀಟಿಯನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣವಿದೆ. ಸಾಲ ಮಾಡಿಯಾದರೂ ತುಪ್ಪ ತಿನ್ನು, ಸುಟ್ಟ ದೇಹ ಮರಳಿ ಬರುವುದೆಲ್ಲಿಂದ ಎಂಬುದು ಅವರದೆಂದು ಪ್ರಸಿದ್ಧವಾದ ಮಾತು. ಇದನ್ನು ಕೇಳಿದರೆ ನಾಸ್ತಿಕರೆಲ್ಲ ಭೋಗಿಗಳೆಂಬ ಭ್ರಮೆ ಹುಟ್ಟುತ್ತದೆ; ಆದರೆ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯೊಂದರಲ್ಲಿ ಖಾದಿ ಉಟ್ಟು ಬದುಕು ಕಳೆದವರು. ಆದುದರಿಂದ ಚೀಟಿಯ ದೋಷ ಅದನ್ನು ಹಿಡಿದವರ ನಡತೆಯಲ್ಲಿಲ್ಲ, ಬಟವಾಡೆಯಲ್ಲಿದೆ. ಪರಲೋಕವಿದೆಯೆಂದವನ ಮಾತು ನಿಜವಾದರೆ ಅವನು ಅಲ್ಲಿ ಎದ್ದು ಕುಳಿತು ಹಣ ಕೇಳಬಲ್ಲನು. ಇಲ್ಲವೆಂದವನ ಮಾತು ನಿಜವಾದರೆ ಕೇಳಲು ಅವನೇ ಇರುವುದಿಲ್ಲ. ಗೆದ್ದರೂ ಎಂದಿಗೂ ವಸೂಲಾಗದ ಪಣ ಜಗತ್ತಿನಲ್ಲಿ ಇದೊಂದೇ ಇರಬೇಕು.

ಇದನ್ನು ನಾನು ಎದುರುಮನೆಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರಿಗೆ ಹೇಳಿದೆ. ಅವರು ಕಟ್ಟಾ ನಾಸ್ತಿಕರು, ನಾನು ಹಾಗಲ್ಲ. ಇಬ್ಬರ ನಡುವೆ ಸಾವಿರ ರೂಪಾಯಿಯ ಬಾಜಿ ಆಗಿತ್ತು. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಸ್ವಾಮಿ, ನನಗೆ ಬರಬೇಕಾದುದನ್ನು ಈಗಲೇ ಕೊಡುವುದು ನ್ಯಾಯ. ನಾನು ಸೋತರೆ ಅಲ್ಲಿ ಸಿಕ್ಕಾಗ ಹಿಂದಿರುಗಿಸುತ್ತೇನೆ’ ಎಂದರು. ಪ್ರಾಚೀನ ಗಾಲ್ ಜನರು ಮುಂದಿನ ಲೋಕದಲ್ಲಿ ತೀರಿಸುವ ಷರತ್ತಿನ ಮೇಲೆ ಸಾಲ ಕೊಡುತ್ತಿದ್ದರೆಂದು ರೋಮಿನ ವಲೇರಿಯಸ್ ಮ್ಯಾಕ್ಸಿಮಸ್ ಬರೆದಿಟ್ಟಿರುವುದು ನನಗೆ ನೆನಪಿದ್ದುದರಿಂದ ಒಪ್ಪಿದೆ. ಬ್ಯಾಂಕಿನಲ್ಲಿದ್ದಾಗ ಇದಕ್ಕಿಂತ ದುರ್ಬಲವಾದ ಭದ್ರತೆಯ ಮೇಲೆ ಸಾಲ ಮಂಜೂರಾದುದನ್ನು ಕಂಡಿದ್ದೇನೆ. ಅಂದಿನಿಂದ ಪ್ರತಿ ಭಾನುವಾರ ಗಾಂಧಿಬಜಾರಿನಲ್ಲಿ ಬೈ ಟು ಕಾಫಿಯ ಬಿಲ್ಲು ನನ್ನದು, ಕಂತಿನ ಲೆಕ್ಕ ನನ್ನ ಡೈರಿಯಲ್ಲಿದೆ. ಕಳೆದ ವಾರ ಮೇಷ್ಟ್ರು ಕಾಫಿಗೆ ಮುಂಚೆ ಒಂದು ಮಸಾಲೆ ದೋಸೆಯನ್ನೂ ಹೇಳಿದರು, ಮಾಣಿಯನ್ನು ಮತ್ತೆ ಕೂಗಿ, ‘ತುಪ್ಪ ಸ್ವಲ್ಪ ಜಾಸ್ತಿ ಹಾಕಪ್ಪ’ ಎಂದರು.